ಯೀಸ್ಟ್ ಅಗ್ಗ, ಇನ್ಸುಲಿನ್ ಏಕೆ ತುಟ್ಟಿ? ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ,
ಕಲಬುರಗಿ

ವಿಷಯ: ಯೀಸ್ಟ್‌ನಿಂದ ತಯಾರಾಗುವ ಇನ್ಸುಲಿನ್ನಿನ ಶುದ್ಧೀಕರಣ ವೆಚ್ಚವನ್ನು ತಗ್ಗಿಸುವ ಸಾರ್ವಜನಿಕ ಪ್ರಾಯೋಗಿಕ ಘಟಕವೊಂದನ್ನು ನಮ್ಮ ಭಾಗದಲ್ಲಿ ತೆರೆಯುವ ಬಗ್ಗೆ.

ಮಾನ್ಯರೇ,

ನಾನು ಸಿಂಧನೂರು ತಾಲ್ಲೂಕಿನವನು. ಬೆಂಗಳೂರಿನ ಔಷಧ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದಿದ್ದೇನೆ. ಮೊದಲ ಒಂಬತ್ತು ವರ್ಷ ಯೀಸ್ಟ್ ಎಂಬ ಸೂಕ್ಷ್ಮಜೀವಿಯನ್ನು ಬೆಳೆಸುವ ತೊಟ್ಟಿಯ, ಅಂದರೆ ಫರ್ಮೆಂಟರ್ ವಿಭಾಗದಲ್ಲಿ, ಉಳಿದ ಹದಿಮೂರು ವರ್ಷ ಶುದ್ಧೀಕರಣ ವಿಭಾಗದಲ್ಲಿದ್ದೆ. ನಾಲ್ಕು ವರ್ಷಗಳ ಹಿಂದೆ ಊರಿಗೆ ಮರಳಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿಕೊಂಡು ಭತ್ತ ಬೆಳೆಯುತ್ತಿದ್ದೇನೆ. ಈ ಎರಡೂ ಕಸುಬುಗಳನ್ನು ಮಾಡಿದ ಕಾರಣಕ್ಕೇ ಈ ಪತ್ರ ಬರೆಯುವ ಧೈರ್ಯ ಬಂದಿದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ಅಣ್ಣನ ಮಗಳಿದ್ದಾಳೆ, ವಯಸ್ಸು ಹನ್ನೊಂದು. ಆರನೆಯ ವಯಸ್ಸಿನಿಂದ ಅವಳಿಗೆ ಟೈಪ್ 1 ಮಧುಮೇಹವಿದೆ. ಅವಳ ಮೇದೋಜ್ಜೀರಕ ಗ್ರಂಥಿ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿದೆ. ಮಾತ್ರೆ, ಪಥ್ಯ, ಕಷಾಯ ಯಾವುದೂ ಅವಳ ಕೆಲಸಕ್ಕೆ ಬರುವುದಿಲ್ಲ. ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ಗಡಿಗೆಯೊಂದಿದೆ. ಅದರಲ್ಲಿ ತೊಯ್ಸಿದ ಉಸುಕು, ಉಸುಕಿನ ನಡುವೆ ಒಂದು ಚಿಕ್ಕ ಗಡಿಗೆ, ಅದರೊಳಗೆ ಹತ್ತು ಮಿಲಿಲೀಟರಿನ ಸೀಸೆ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಫ್ರಿಜ್ಜಿಗಿಂತ ಈ ಗಡಿಗೆಯೇ ನಂಬಿಕೆಗೆ ಅರ್ಹ. "ಕಾಕಾ, ಉಸುಕು ಒಣಗ್ಯಾದ ನೋಡು, ಔಷಧ ಕಾದೀತು" ಎಂದು ಮಧ್ಯಾಹ್ನ ಎಚ್ಚರಿಸುವವಳು ಅವಳೇ. ಸೀಸೆಯ ಮೇಲೆ ಮಿಲಿಲೀಟರಿಗೆ 40 ಯೂನಿಟ್ ಎಂದು ಬರೆದಿರುತ್ತದೆ, ಸಿರಿಂಜಿನ ಟೊಪ್ಪಿಗೆ ಕೆಂಪಾಗಿರುತ್ತದೆ. ಕಿತ್ತಳೆ ಟೊಪ್ಪಿಗೆಯದು 100 ಯೂನಿಟ್ ಸೀಸೆಗೆ ಸೇರಿದ್ದು, ಅದನ್ನು ಮುಟ್ಟಬಾರದು ಎಂಬುದನ್ನು ಅವಳು ಓದು ಕಲಿಯುವುದಕ್ಕೆ ಮೊದಲೇ ಕಲಿತಳು.

ಆ ಸೀಸೆಯಲ್ಲಿ ಇರುವ ಇನ್ಸುಲಿನ್ ಎಷ್ಟು ಎಂದು ತಾವು ಎಂದಾದರೂ ಯೋಚಿಸಿದ್ದೀರೋ ತಿಳಿಯದು. ಒಂದು ಮಿಲಿಗ್ರಾಂ ಇನ್ಸುಲಿನ್ ಎಂದರೆ ಸುಮಾರು 28.8 ಯೂನಿಟ್. ಸೀಸೆಯಲ್ಲಿರುವುದು 400 ಯೂನಿಟ್, ಅಂದರೆ ಸುಮಾರು 14 ಮಿಲಿಗ್ರಾಂ. ನಮ್ಮ ಗದ್ದೆಯ ಸೋನಾ ಮಸೂರಿ ಭತ್ತದ ಒಂದು ಕಾಳು ಸರಿಸುಮಾರು ಅಷ್ಟೇ ತೂಗುತ್ತದೆ. ಉಳಿದದ್ದೆಲ್ಲ ನೀರು, ಕೆಡದಂತೆ ಕಾಯುವ ರಾಸಾಯನಿಕ ಮತ್ತು ಒಂದಿಷ್ಟು ಸತು. ದಿನಕ್ಕೆ 40 ಯೂನಿಟ್ ಬೇಕಾಗುವ ವಯಸ್ಕರೊಬ್ಬರ ಇಡೀ ವರ್ಷದ ಇನ್ಸುಲಿನ್ ಅರ್ಧ ಗ್ರಾಮಿಗೆ ಹತ್ತಿರ: ಸುಮಾರು ಮೂವತ್ತಾರು ಭತ್ತದ ಕಾಳು. ಒಂದು ಕಿಲೋ ಇನ್ಸುಲಿನ್ನಿನಿಂದ ಇಂಥ ಎಪ್ಪತ್ತೆರಡು ಸಾವಿರ ಸೀಸೆಗಳನ್ನು ತುಂಬಬಹುದು. ಟನ್ನುಗಟ್ಟಲೆ ಕಬ್ಬಿಣದ ಅದಿರು, ಟನ್ನುಗಟ್ಟಲೆ ಭತ್ತ ಕಂಡ ನಮ್ಮ ಜಿಲ್ಲೆಗಳಿಗೆ ಈ ಪ್ರಮಾಣ ಹಾಸ್ಯಾಸ್ಪದವಾಗಿ ಕಂಡೀತು. ಆದರೆ ನನ್ನ ಇಡೀ ವಾದ ನಿಂತಿರುವುದು ಈ ಕಾಳಿನ ತೂಕದ ಮೇಲೆಯೇ.

1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದ ಮೇಲೆ ಸುಮಾರು ಅರವತ್ತು ವರ್ಷ ಜಗತ್ತು ಅದಕ್ಕಾಗಿ ಹಂದಿ ಮತ್ತು ದನಗಳ ಗ್ರಂಥಿಗಳನ್ನು ಅವಲಂಬಿಸಿತ್ತು. ಅದನ್ನು ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದರು. 1982ರಲ್ಲಿ ಬ್ಯಾಕ್ಟೀರಿಯದಿಂದ ಮಾಡಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ಬಂತು. 1987ರಲ್ಲಿ ಡೆನ್ಮಾರ್ಕಿನ ನೋವೊ ಕಂಪನಿ ಬ್ರೆಡ್ಡು ಉಬ್ಬಿಸುವ, ಸೇಂದಿಗೆ ಅಮಲು ಬರಿಸುವ ಅದೇ ಜಾತಿಯ ಯೀಸ್ಟ್‌ನಿಂದ ಇನ್ಸುಲಿನ್ ತೆಗೆಯಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್, ಪಿಚಿಯಾ ಎಂಬ ಇನ್ನೊಂದು ಯೀಸ್ಟ್‌ನಲ್ಲಿ ಬೆಳೆದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಹೀಗಾಗಿ ಈ ವಿದ್ಯೆ ಸಪ್ತಸಾಗರದ ಆಚೆಯದಲ್ಲ, ನಮ್ಮ ರಾಜ್ಯದಲ್ಲೇ ಇಪ್ಪತ್ತು ವರ್ಷಗಳಿಂದ ಬೇರೂರಿದೆ.

ಬ್ಯಾಕ್ಟೀರಿಯ ಬಿಟ್ಟು ಯೀಸ್ಟ್ ಏಕೆ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಇನ್ಸುಲಿನ್ ಎಂದರೆ 21 ಮತ್ತು 30 ಅಮೈನೊ ಆಮ್ಲಗಳ ಎರಡು ಸರಪಳಿಗಳು. ಅವು ಗಂಧಕದ ಮೂರು ಕೊಂಡಿಗಳಿಂದ ಸರಿಯಾದ ಜಾಗದಲ್ಲೇ ಬೆಸೆದಿರಬೇಕು. ಬ್ಯಾಕ್ಟೀರಿಯ ಇದನ್ನು ತನ್ನೊಡಲಲ್ಲಿ ಮುದ್ದೆಗಟ್ಟಿದ ಗಂಟಾಗಿ ಇಟ್ಟುಕೊಳ್ಳುತ್ತದೆ. ಆ ಕೋಶವನ್ನು ಒಡೆದು, ಗಂಟನ್ನು ಕರಗಿಸಿ, ಪ್ರೋಟೀನನ್ನು ಮತ್ತೆ ಸರಿಯಾಗಿ ಮಡಚಬೇಕು. ಯೀಸ್ಟ್ ಮಡಚಿದ್ದನ್ನೇ ಕೋಶದಿಂದ ಹೊರಗಿನ ದ್ರವಕ್ಕೆ ಸುರಿಸುತ್ತದೆ. ಕೋಶಗಳನ್ನು ಗಿರಗಿರನೆ ತಿರುಗುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಬೇರ್ಪಡಿಸಿದರೆ ತಿಳಿದ್ರವದಲ್ಲಿ ನಮ್ಮ ಸರಕು ಇರುತ್ತದೆ. ಆದರೆ ಅದು ಸಿದ್ಧ ಇನ್ಸುಲಿನ್ ಅಲ್ಲ, ಎರಡೂ ಸರಪಳಿಗಳನ್ನು ಪುಟ್ಟ ತುಂಡೊಂದು ಜೋಡಿಸಿರುವ ಪೂರ್ವರೂಪ. ಮೂವತ್ತರ ಸರಪಳಿಯ, ಅಂದರೆ ಬಿ ಸರಪಳಿಯ, ಕೊನೆಯ ಅಮೈನೊ ಆಮ್ಲವಾದ ಥ್ರಿಯೊನಿನ್ ಅದರಲ್ಲಿ ಇರುವುದಿಲ್ಲ. ಟ್ರಿಪ್ಸಿನ್ ಎಂಬ ಕಿಣ್ವದಿಂದ ಆ ತುಂಡನ್ನು ಕತ್ತರಿಸಿ, ಥ್ರಿಯೊನಿನ್ನನ್ನು ಅಂಟಿಸಿದ ಮೇಲೆಯೇ ಅದು ಮನುಷ್ಯನ ಇನ್ಸುಲಿನ್ ಆಗುತ್ತದೆ.

ಪಿಚಿಯಾದ ಬಗ್ಗೆ ಸ್ವಲ್ಪ ಹೆಚ್ಚು ಹೇಳುವುದನ್ನು ತಾವು ಮನ್ನಿಸಬೇಕು, ಒಂಬತ್ತು ವರ್ಷ ಅದರ ಜೊತೆ ರಾತ್ರಿಪಾಳಿ ಮಾಡಿದವನು ನಾನು. 1970ರ ದಶಕದಲ್ಲಿ ಅಮೆರಿಕದ ಪೆಟ್ರೋಲಿಯಂ ಕಂಪನಿಯೊಂದು ಇದನ್ನು ಮೆಥನಾಲ್ ಎಂಬ ಉರಿಯುವ ಮದ್ಯಸಾರದ ಮೇಲೆ ಬೆಳೆಸಿ ಜಾನುವಾರುಗಳ ಮೇವಿಗೆ ಪ್ರೋಟೀನ್ ಮಾಡಲು ಹೊರಟಿತ್ತು. ತೈಲದ ಬೆಲೆ ಏರಿ ಆ ಲೆಕ್ಕ ತಲೆಕೆಳಗಾಯಿತು. ಆದರೆ ಮೆಥನಾಲ್ ಕಂಡ ಕೂಡಲೇ ಅಬ್ಬರಿಸಿ ಎದ್ದೇಳುವ ಅದರ ಜೀನಿನ ಸ್ವಿಚ್ಚನ್ನು ಬಳಸಿಕೊಂಡು ಬೇರೆ ಪ್ರೋಟೀನುಗಳನ್ನು ಮಾಡಿಸಬಹುದೆಂದು ಆಮೇಲೆ ತಿಳಿಯಿತು. ಮೊದಲು ಗ್ಲಿಸರಾಲ್ ಕೊಟ್ಟು ಯೀಸ್ಟನ್ನು ಮೆತ್ತನೆಯ ಹಿಟ್ಟಿನಷ್ಟು ದಟ್ಟವಾಗಿ ಬೆಳೆಸುತ್ತೇವೆ, ಅನಂತರ ಮೆಥನಾಲನ್ನು ತೊಟ್ಟು ತೊಟ್ಟಾಗಿ ಉಣಿಸುತ್ತೇವೆ. ಆಗ ಅದಕ್ಕೆ ಬೇಕಾಗುವ ಆಮ್ಲಜನಕಕ್ಕೆ ಮಿತಿಯಿಲ್ಲ. ಗಾಳಿ ಸಾಲದೆ ಶುದ್ಧ ಆಮ್ಲಜನಕ ಬಿಡಬೇಕಾಗುತ್ತದೆ. ಜೊತೆಗೆ ಫರ್ಮೆಂಟರ್ ಒಲೆಯಂತೆ ಕಾಯುತ್ತದೆ, ತಣ್ಣೀರು ಒಂದು ಗಳಿಗೆಯೂ ನಿಲ್ಲಬಾರದು.

ಒಂದು ರಾತ್ರಿ ನಿಂತಿತು. ನೀರನ್ನು ತಂಪು ಮಾಡುವ ಚಿಲ್ಲರ್ ಯಂತ್ರ ಕೆಟ್ಟು, ಎಚ್ಚರಿಕೆಯ ಗಂಟೆಯೂ ಕೆಟ್ಟಿದ್ದರಿಂದ ನಲವತ್ತು ನಿಮಿಷ ಯಾರಿಗೂ ತಿಳಿಯಲಿಲ್ಲ. ಶಾಖಕ್ಕೆ ಯೀಸ್ಟ್ ಸೋತಿತು, ತಿನ್ನುವುದನ್ನು ಬಿಟ್ಟಿತು, ಪಂಪು ಮಾತ್ರ ಮೆಥನಾಲನ್ನು ಸುರಿಯುತ್ತಲೇ ಇತ್ತು. ಪರದೆಯ ಮೇಲೆ ಕರಗಿದ ಆಮ್ಲಜನಕದ ಗೆರೆ ಸರ್ರನೆ ಮೇಲಕ್ಕೆ ಏರಿದ್ದನ್ನು ಕಂಡು ನಾನು ಓಡಿದೆ. ಆ ಗೆರೆ ಏರಿದರೆ ಒಂದೋ ಯೀಸ್ಟ್ ಹಸಿದಿದೆ, ಇಲ್ಲವೇ ಸತ್ತಿದೆ. ಪೈಪಿನಲ್ಲಿ ಮೆಥನಾಲ್ ಹರಿಯುತ್ತಿದ್ದುದರಿಂದ ಹಸಿದಿರಲಿಲ್ಲ. ಸತ್ತ ಕೋಶಗಳು ಒಡೆದು, ಅವುಗಳೊಳಗಿನ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಹೊರಬಂದು, ಮೂರು ದಿನದಿಂದ ಶೇಖರವಾಗಿದ್ದ ಇನ್ಸುಲಿನ್ ಪೂರ್ವರೂಪವನ್ನು ಬೆಳಗಾಗುವುದರೊಳಗೆ ಚೂರು ಮಾಡಿದವು. ಕೊಯ್ಲಿನ ಹಿಂದಿನ ರಾತ್ರಿ ಆಲಿಕಲ್ಲು ಬಿದ್ದ ಗದ್ದೆಯಂತಿತ್ತು ಅದು. ಇಂಥ ಒಂದು ಬ್ಯಾಚಿನ ನಷ್ಟವನ್ನು ಮುಂದಿನ ಹತ್ತು ಬ್ಯಾಚುಗಳ ಬೆಲೆಯಲ್ಲಿ ಹಂಚಲಾಗುತ್ತದೆ, ಅದನ್ನು ಕೊಡುವವರು ಸೀಸೆ ಕೊಳ್ಳುವವರು. ಮೆಥನಾಲ್ ಇಲ್ಲದೆಯೇ, ಗ್ಲಿಸರಾಲನ್ನೋ ಗ್ಲುಕೋಸನ್ನೋ ಹಿತಮಿತವಾಗಿ ಉಣಿಸಿದರೆ ಕೆಲಸ ಮಾಡುವ ಜೀನಿನ ಸ್ವಿಚ್ಚುಗಳನ್ನು ಈಗ ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ. ಆಮ್ಲಜನಕ ಕಡಿಮೆ, ಶಾಖ ಕಡಿಮೆ, ಬೆಂಕಿಯ ಅಪಾಯವಿಲ್ಲ. ಅಗ್ಗದ ಇನ್ಸುಲಿನ್ ಬೇಕೆನ್ನುವವರು ಮೊದಲು ಹಿಡಿಯಬೇಕಾದ ದಾರಿಗಳಲ್ಲಿ ಇದೂ ಒಂದು.

ಆದರೂ ಅತಿ ಮುಖ್ಯವಾದ ದಾರಿ ಇದಲ್ಲ. ನಮ್ಮ ಭಾಗದ ಕೆಲವು ಹಿತೈಷಿಗಳು, ಗಂಗಾವತಿಯ ಗಿರಣಿಗಳ ನುಚ್ಚಕ್ಕಿಯಿಂದ ಗ್ಲುಕೋಸ್ ಮಾಡಿ ಯೀಸ್ಟಿಗೆ ಉಣಿಸಿದರೆ ಇನ್ಸುಲಿನ್ ಅಗ್ಗವಾಗುತ್ತದೆ ಎಂದು ಉತ್ಸಾಹದಿಂದ ಹೇಳುತ್ತಾರೆ. ಅವರ ಉತ್ಸಾಹಕ್ಕೆ ತಣ್ಣೀರೆರಚಲು ನನಗೆ ಮನಸ್ಸಿಲ್ಲ, ಆದರೆ ಲೆಕ್ಕ ಒಪ್ಪುವುದಿಲ್ಲ. ನನ್ನ ಅಂದಾಜಿನಲ್ಲಿ ಒಂದು ಸೀಸೆಯಷ್ಟು ಇನ್ಸುಲಿನ್ನಿಗೆ ಯೀಸ್ಟ್ ತಿನ್ನುವ ಆಹಾರದ ಬೆಲೆ ಐವತ್ತು ಪೈಸೆಯನ್ನೂ ದಾಟುವುದಿಲ್ಲ. ಅದನ್ನು ಪುಕ್ಕಟೆ ಕೊಟ್ಟರೂ ಸೀಸೆಯ ಬೆಲೆ ಅಲ್ಲಾಡದು. ಹಣ ಹೋಗುವುದು ಯೀಸ್ಟ್ ತನ್ನ ಕೆಲಸ ಮುಗಿಸಿದ ಮೇಲೆ.

ಗಿರಣಿಯ ಮಾತು ಬಂದದ್ದರಿಂದ ಅದನ್ನೇ ಹಿಡಿದು ಹೇಳುತ್ತೇನೆ. ಸರ್ಕಾರ ಗಿರಣಿಗೆ ಒಂದು ಕ್ವಿಂಟಾಲ್ ಭತ್ತ ಕೊಟ್ಟರೆ 67 ಕಿಲೋ ಅಕ್ಕಿ ಮರಳಿಸಬೇಕೆಂಬ ನಿಯಮವಿದೆ. ತೌಡೆಷ್ಟು, ಹೊಟ್ಟೆಷ್ಟು, ನುಚ್ಚೆಷ್ಟು ಎಂಬುದು ಸಿಂಧನೂರಿನ ಹಮಾಲರಿಗೂ ಗೊತ್ತು. ಇನ್ಸುಲಿನ್ನಿನ ಗಿರಣಿಯೊಳಗೆ ಏನು ನಡೆಯುತ್ತದೆ ಎಂಬುದು ಮಾತ್ರ ಕಾರ್ಖಾನೆಯ ಗೋಡೆ ದಾಟುವುದಿಲ್ಲ. ಸ್ಥೂಲವಾಗಿ ಆರು ಹಂತಗಳೆಂದು ಇಟ್ಟುಕೊಳ್ಳೋಣ: ಕೋಶಗಳನ್ನು ಬೇರ್ಪಡಿಸುವುದು, ತಿಳಿದ್ರವವನ್ನು ವಿದ್ಯುದಾವೇಶದ ಸೆಳೆತದಿಂದ ಅಣುಗಳನ್ನು ಹಿಡಿಯುವ ಸಣ್ಣ ಮಣಿಗಳು, ಅಂದರೆ ಅಯಾನು ವಿನಿಮಯದ ರೆಸಿನ್, ತುಂಬಿದ ಕೊಳವೆಯಂಥ ಕಾಲಮ್ಮಿನಲ್ಲಿ ಹಾಯಿಸಿ ಪೂರ್ವರೂಪವನ್ನು ಹಿಡಿಯುವುದು, ಕಿಣ್ವದಿಂದ ಕತ್ತರಿಸಿ ಜೋಡಿಸುವುದು, ಭಾರಿ ಒತ್ತಡದ ಇನ್ನೊಂದು ಕಾಲಮ್ಮಿನಲ್ಲಿ, ಒಂದೇ ಒಂದು ಸಕ್ಕರೆಯ ಅಣು ಅಂಟಿಕೊಂಡ, ಒಂದೇ ಒಂದು ಅಮೈನೊ ಆಮ್ಲ ಕೆಟ್ಟ ದಾಯಾದಿ ಅಣುಗಳನ್ನು ಹೆಕ್ಕಿ ತೆಗೆಯುವುದು, ಸತುವಿನೊಂದಿಗೆ ಹರಳುಗಟ್ಟಿಸುವುದು, ಒಣಗಿಸುವುದು. ಪ್ರತಿ ಹಂತದಲ್ಲೂ ನೂರಕ್ಕೆ ತೊಂಬತ್ತು ಉಳಿಸಿಕೊಂಡರೆ ಅದು ಕಳಪೆ ಕೆಲಸವೇನಲ್ಲ. ಆದರೆ ಆರು ಸಲವೂ ಉಳಿದದ್ದರಲ್ಲಿ ನೂರಕ್ಕೆ ಹತ್ತರಂತೆ ಕಳೆದರೆ ಕೊನೆಗೆ ಕೈಯಲ್ಲಿ ಉಳಿಯುವುದು ನೂರಕ್ಕೆ 53 ಮಾತ್ರ. ಪ್ರತಿ ಹಂತದಲ್ಲಿ ತೊಂಬತ್ತೈದು ಉಳಿಸಿದರೆ 73 ದಾಟುತ್ತದೆ. ಯೀಸ್ಟ್ ಅದೇ, ಫರ್ಮೆಂಟರ್ ಅದೇ, ಕರೆಂಟು ಬಿಲ್ಲು ಅದೇ. ಸರಕು ಮಾತ್ರ ಮೊದಲಿಗಿಂತ ಮೂರನೆಯ ಒಂದು ಭಾಗಕ್ಕೂ ಮಿಕ್ಕಿ ಹೆಚ್ಚಾಯಿತು.

ಇದು ಕಾಗದದ ಲೆಕ್ಕವಷ್ಟೇ ಅಲ್ಲ. 2010ರಲ್ಲಿ ಪ್ರಕಟವಾದ ಪಿಚಿಯಾ ಪ್ರಯೋಗವೊಂದರಲ್ಲಿ ಲೀಟರ್ ತಿಳಿದ್ರವಕ್ಕೆ ಸುಮಾರು 3 ಗ್ರಾಂ ಪೂರ್ವರೂಪ ಸಿಕ್ಕಿತ್ತು. ಶುದ್ಧ ಇನ್ಸುಲಿನ್ ಆಗುವ ಹೊತ್ತಿಗೆ ಸುಮಾರು ಒಂದೂವರೆ ಗ್ರಾಂ ಉಳಿದಿತ್ತು. ಅಷ್ಟೇ ಫಲ ಹಿಡಿದರೂ ಸಾವಿರ ಲೀಟರ್ ತಿಳಿದ್ರವದಿಂದ ಒಂದೂವರೆ ಕಿಲೋ ಇನ್ಸುಲಿನ್, ಅಂದರೆ ಹೆಚ್ಚು ಕಡಿಮೆ ಮೂರು ಸಾವಿರ ಜನರ ಒಂದು ವರ್ಷದ ಮದ್ದು ಸಿಗುತ್ತದೆ. ನಮ್ಮೂರಿನ ಮನೆಮನೆಯ ಮಾಳಿಗೆಯ ಮೇಲಿರುವ ಕಪ್ಪು ನೀರಿನ ಟ್ಯಾಂಕಿನಷ್ಟು ದ್ರವ ಅದು. ಹದಿಮೂರು ವರ್ಷ ಕಾಲಮ್ಮಿನ ಮುಂದೆ ನಿಂತ ನನಗೆ ಗೊತ್ತಿರುವುದೇನೆಂದರೆ, ಉಳಿದರ್ಧ ಎಲ್ಲಿ ಹೋಗುತ್ತದೆ ಎಂಬುದನ್ನು ಹುಡುಕಲು ಕಾರ್ಖಾನೆಗೆ ಬಿಡುವಿರುವುದಿಲ್ಲ. ಒಮ್ಮೆ ಪರವಾನಗಿ ಪಡೆದ ವಿಧಾನದಲ್ಲಿ ಒಂದು ಅಂಶ ಬದಲಿಸಿದರೂ ಮತ್ತೆ ದಾಖಲೆ, ಮತ್ತೆ ತಪಾಸಣೆ. ರೆಸಿನ್ನನ್ನು ನೂರು ಸಲದ ಬದಲು ಇನ್ನೂರು ಸಲ ತೊಳೆದು ಬಳಸಬಹುದೇ, ಅಸಿಟೋನೈಟ್ರೈಲ್ ಎಂಬ ದುಬಾರಿ ದ್ರಾವಕದ ಬದಲು ಎಥನಾಲಿನಲ್ಲಿ ಅದೇ ಶುದ್ಧತೆ ಸಿಗುತ್ತದೆಯೇ, ಟ್ರಿಪ್ಸಿನ್ನನ್ನು ಮಣಿಗಳಿಗೆ ಅಂಟಿಸಿ ಮತ್ತೆ ಮತ್ತೆ ದುಡಿಸಿಕೊಳ್ಳಬಹುದೇ ಎಂಬ ಪ್ರಶ್ನೆಗಳನ್ನು ನಾವು ಚಹಾ ಕುಡಿಯುವಾಗ ಮಾತಾಡಿಕೊಂಡು ಅಲ್ಲೇ ಬಿಟ್ಟುಬರುತ್ತಿದ್ದೆವು.

ಆ ಪ್ರಶ್ನೆಗಳಿಗೆ ಉತ್ತರ ಹುಡುಕುವ ಸಾರ್ವಜನಿಕ ಜಾಗವೊಂದು ಬೇಕು ಎಂಬುದೇ ನನ್ನ ಬೇಡಿಕೆ. ಇನ್ಸುಲಿನ್ ಕಾರ್ಖಾನೆ ಕಟ್ಟಿಕೊಡಿ ಎಂದು ನಾನು ಕೇಳುತ್ತಿಲ್ಲ. ಸರ್ಕಾರಿ ಕಾರ್ಖಾನೆಗಳ ಗತಿ ನಾವು ಕಂಡಿದ್ದೇವೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲೋ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲೋ ನೂರರಿಂದ ಮುನ್ನೂರು ಲೀಟರಿನ ಒಂದು ಫರ್ಮೆಂಟರ್, ಅದಕ್ಕೆ ತಕ್ಕ ಸೆಂಟ್ರಿಫ್ಯೂಜ್, ಕಾಲಮ್ಮುಗಳು, ಹರಳುಗಟ್ಟಿಸುವ ಪಾತ್ರೆ ಮತ್ತು ಪ್ರತಿ ಹಂತದ ಶುದ್ಧತೆಯನ್ನು ಅಳೆಯುವ ಪ್ರಯೋಗಾಲಯ ಇಷ್ಟಿದ್ದರೆ ಸಾಕು. ಈ ಘಟಕದಲ್ಲಿ ತಯಾರಾದದ್ದನ್ನು ಯಾರಿಗೂ ಚುಚ್ಚುವುದಿಲ್ಲ, ಚುಚ್ಚಬಾರದು. ಅಲ್ಲಿ ತಯಾರಾಗಬೇಕಾದದ್ದು ವಿಧಾನ: ಯಾವ ಹಂತದಲ್ಲಿ ಎಷ್ಟು ಉಳಿಯಿತು, ಎಷ್ಟು ಸೋರಿತು, ಎಷ್ಟು ಖರ್ಚಾಯಿತು ಎಂಬ ಲೆಕ್ಕ. ಗಿರಣಿಯ 67 ಕಿಲೋ ಲೆಕ್ಕದಂತೆ ಅದು ಯಾರು ಬೇಕಾದರೂ ಓದಬಹುದಾದ ಲೆಕ್ಕವಾಗಿರಬೇಕು. ಪರವಾನಗಿ ಇರುವ ಯಾವ ತಯಾರಕರು ಬೇಕಾದರೂ ಆ ವಿಧಾನವನ್ನು ಬಳಸಲಿ. ಪ್ರತಿಯಾಗಿ ಸರ್ಕಾರಿ ಆಸ್ಪತ್ರೆಗಳಿಗೆ ಮೊದಲೇ ಒಪ್ಪಿದ ಬೆಲೆಗೆ ಇನ್ಸುಲಿನ್ ಕೊಡುವ ಕರಾರಿಗೆ ಸಹಿ ಹಾಕಲಿ.

ಬೆಂಗಳೂರಿನಲ್ಲಿ ಎಲ್ಲವೂ ಇರುವಾಗ ಇಲ್ಲೇಕೆ ಎಂದು ತಾವು ಕೇಳಬಹುದು. ಈ ಪ್ರಶ್ನೆಗೆ ಉತ್ತರವಾಗಿಯೇ ಅಲ್ಲವೇ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯೂ ತಮ್ಮ ಮಂಡಳಿಯೂ ಬಂದದ್ದು? 2023-24ರ ಆಯವ್ಯಯದಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ರಸ್ತೆ, ಶಾಲಾ ಕೊಠಡಿಗಳ ಅಗತ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಸಮುದಾಯ ಭವನಗಳ ಬಗ್ಗೆ ಹಾಗೆ ಹೇಳಲಾರೆ. ಇನ್ನು ಸ್ಥಳದ ಅನುಕೂಲದ ಮಾತು. ಪಿಚಿಯಾಕ್ಕೆ ಶುದ್ಧ ಆಮ್ಲಜನಕ ಬೇಕು ಎಂದೆನಲ್ಲ, 2021ರ ಕೋವಿಡ್ ಅಲೆಯಲ್ಲಿ ರಾಜ್ಯಕ್ಕೆಲ್ಲ ದ್ರವ ಆಮ್ಲಜನಕ ಹೊತ್ತ ಟ್ಯಾಂಕರುಗಳು ಹೊರಟದ್ದು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ. ಅಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದದ್ದನ್ನು ನಾವು ಮರೆತಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಜೀವರಸಾಯನ ಮತ್ತು ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್‌ಸಿ. ಮುಗಿಸಿ, ಕೊಪ್ಪಳದಲ್ಲೋ ಮಾನ್ವಿಯಲ್ಲೋ ರಸಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿರುವ ಹುಡುಗ ಹುಡುಗಿಯರು ನಮ್ಮಲ್ಲಿದ್ದಾರೆ. ಕಾಲಮ್ಮನ್ನು ಕೈಯಾರೆ ತುಂಬಿ, ಕೆಡಿಸಿ, ಮತ್ತೆ ತುಂಬಿದವರಿಗೆ ಕೆಲಸ ಕೊಡಲು ಯಾವ ಕಾರ್ಖಾನೆಯೂ ಹಿಂದೆಮುಂದೆ ನೋಡುವುದಿಲ್ಲ.

ಭಾರತದಲ್ಲಿ ಮಾನವ ಇನ್ಸುಲಿನ್ ಅಮೆರಿಕದಲ್ಲಿರುವಷ್ಟು ದುಬಾರಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಅದು ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿದ್ದು, ಬೆಲೆಗೆ ಮಿತಿಯೂ ಇದೆ. 2022ರಲ್ಲಿ ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಕೂಡ ಆ ಪಟ್ಟಿಗೆ ಸೇರಿತು. ಆದರೆ ನಮ್ಮ ತಾಲ್ಲೂಕಿನ ಕೂಲಿಕಾರ ಕುಟುಂಬಕ್ಕೆ ತಿಂಗಳಿಗೆ ಮೂರು ಸೀಸೆ, ಸಿರಿಂಜು, ಸಕ್ಕರೆ ಅಳೆಯುವ ಪಟ್ಟಿ ಸೇರಿದರೆ ಅದು ಹಲವು ದಿನದ ಕಳೆ ಕೀಳುವ ಕೂಲಿ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ತಯಾರಿಕೆಯ ವೆಚ್ಚಕ್ಕೆ ಲಾಭವನ್ನೂ ಸೇರಿಸಿ, ಮಾನವ ಇನ್ಸುಲಿನ್ನನ್ನು ಒಬ್ಬರಿಗೆ ವರ್ಷಕ್ಕೆ 72 ಡಾಲರ್ ಮೀರದಂತೆ ಒದಗಿಸಬಹುದೆಂದು ಲೆಕ್ಕ ಹಾಕಿತು. ಗ್ಲಾರ್ಜಿನ್ ತರಹದ ಮಾರ್ಪಡಿಸಿದ ಇನ್ಸುಲಿನ್ನುಗಳಿಗೆ ಅದು 133 ಡಾಲರ್ ಎಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿದೆ. ಅವರೆಲ್ಲರಿಗೂ ಇನ್ಸುಲಿನ್ ಬೇಕಿಲ್ಲ, ಆದರೆ ಬೇಕಾದವರಿಗೆ ಬೇರೆ ದಾರಿಯಿಲ್ಲ.

ಪರವಾನಗಿಯ ವಿಷಯದಲ್ಲಿ ತಾವು ರಾಜ್ಯ ಸರ್ಕಾರದ ಮೂಲಕ ಕೇಂದ್ರಕ್ಕೆ ಬರೆಯಬೇಕಾದ ಒಂದು ಮಾತಿದೆ. ಯುರೋಪಿನ ಔಷಧ ಸಂಸ್ಥೆ 2015ರಲ್ಲಿಯೇ, ಹಳೆಯ ಇನ್ಸುಲಿನ್ನಿಗೆ ಸಮಾನವಾದ ಹೊಸ ಇನ್ಸುಲಿನ್ ತರುವವರು ಅಣುವಿನ ಹೋಲಿಕೆಯನ್ನು ಪ್ರಯೋಗಾಲಯದಲ್ಲಿ ಕರಾರುವಾಕ್ಕಾಗಿ ತೋರಿಸಿ, ಕ್ಲಾಂಪ್ ಎಂಬ ಸಣ್ಣ ಪ್ರಮಾಣದ ಮಾನವ ಪರೀಕ್ಷೆಯಲ್ಲಿ ಪರಿಣಾಮವನ್ನು ತೋರಿಸಿದರೆ, ನೂರಾರು ರೋಗಿಗಳ ಮೇಲಿನ ಪ್ರತ್ಯೇಕ ಪರಿಣಾಮ ಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದು ಹೇಳಿತು. ನಮ್ಮಲ್ಲೂ ಹಾಗೆಯೇ ಆಗಲಿ ಎಂಬುದೇ ಆ ಮಾತು. ದೊಡ್ಡ ಪರೀಕ್ಷೆಯ ಖರ್ಚು ಸಣ್ಣ ತಯಾರಕರನ್ನು ಬಾಗಿಲಲ್ಲೇ ತಡೆಯುತ್ತದೆ, ಬಾಗಿಲೊಳಗೆ ಮೂರು ನಾಲ್ಕು ಕಂಪನಿಗಳಷ್ಟೇ ಇದ್ದರೆ ವಿಧಾನ ಎಷ್ಟು ಅಗ್ಗವಾದರೂ ಬೆಲೆ ಇಳಿಯುವುದಿಲ್ಲ.

ಘಟಕ ಏಳಲು ವರ್ಷಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಗಡಿಗೆಯ ಬಗ್ಗೆಯೂ ಒಂದು ಮಾತು. ಕೆನ್ಯಾದ ದಗಹಲಿ ನಿರಾಶ್ರಿತರ ಶಿಬಿರದ ಮನೆಗಳಲ್ಲಿ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ತಾಪಮಾನವನ್ನು ಜಿನೀವಾದ ಪ್ರಯೋಗಾಲಯದಲ್ಲಿ ಮರುಸೃಷ್ಟಿಸಿ, ನಾಲ್ಕು ವಾರದ ಬಳಿಕವೂ ಇನ್ಸುಲಿನ್ ತನ್ನ ಶಕ್ತಿ ಉಳಿಸಿಕೊಂಡಿತ್ತೆಂದು 2021ರಲ್ಲಿ ತೋರಿಸಲಾಯಿತು. ಅಂಥ ಅಳತೆ ರಾಯಚೂರಿನ ಬೇಸಿಗೆಗೂ ಆಗಬೇಕು, ಏಕೆಂದರೆ ನಮ್ಮ ತಾಪ 37ಕ್ಕೆ ನಿಲ್ಲುವುದಿಲ್ಲ. ಪ್ರಾಯೋಗಿಕ ಘಟಕದ ಅಳತೆಯ ಪ್ರಯೋಗಾಲಯ ಮೊದಲು ತಯಾರಾದರೆ, ಫರ್ಮೆಂಟರ್ ಬರುವ ಮೊದಲೇ ಅದು ನಮ್ಮ ಮನೆಗಳ ಗಡಿಗೆಯಲ್ಲಿರುವ, ಆಸ್ಪತ್ರೆಗಳ ಕಪಾಟಿನಲ್ಲಿರುವ ಸೀಸೆಗಳನ್ನು ಪರೀಕ್ಷಿಸಿ ಉಪಯೋಗಕ್ಕೆ ಬರಬಹುದು. ಕಳೆದ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಯೊಂದರಿಂದ ತಂದ ಸೀಸೆ ಕೈಗೆ ಬೆಚ್ಚಗೆ ತಗುಲಿತು, ಮಗುವಿನ ಸಕ್ಕರೆ ಎರಡು ದಿನ ಇಳಿಯಲಿಲ್ಲ. ಔಷಧ ಕೆಟ್ಟಿತ್ತೋ, ನಮ್ಮ ಲೆಕ್ಕವೇ ತಪ್ಪಿತ್ತೋ ಹೇಳುವವರು ತೊಂಬತ್ತು ಕಿಲೋಮೀಟರ್ ಸುತ್ತಮುತ್ತ ಯಾರೂ ಇರಲಿಲ್ಲ. ಆ ಸೀಸೆಯನ್ನು ಎಸೆದು ಹೊಸದು ಕೊಂಡೆವು.

ನಾನು ದುಡಿದ ಕಾರ್ಖಾನೆಯ ಗುಟ್ಟುಗಳನ್ನು ಹೇಳುವ ಹಕ್ಕು ನನಗಿಲ್ಲ, ಹೇಳುವುದೂ ಇಲ್ಲ. ಈ ಪತ್ರದಲ್ಲಿರುವುದು ಪ್ರಕಟವಾದ ವಿಜ್ಞಾನ ಮತ್ತು ಕೈಕೆಲಸದ ಅನುಭವ ಮಾತ್ರ. ಘಟಕದ ಯಂತ್ರಗಳ ಪಟ್ಟಿ, ಅಂದಾಜು ವೆಚ್ಚ, ಮೊದಲ ಎರಡು ವರ್ಷದ ಪ್ರಯೋಗಗಳ ಅನುಕ್ರಮವನ್ನು ಹದಿನಾಲ್ಕು ಪುಟಗಳಲ್ಲಿ ಬರೆದಿಟ್ಟಿದ್ದೇನೆ. ತಾವು ಕರೆದ ದಿನ ಸ್ವಂತ ಖರ್ಚಿನಲ್ಲಿ ಕಲಬುರಗಿಗೆ ಬಂದು ವಿವರಿಸುತ್ತೇನೆ. ಮಂಗಳವಾರ ಮಾತ್ರ ಬೇಡವೆಂದು ಕೋರುತ್ತೇನೆ. ಅಂದು ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಡುತ್ತಾರೆ, ಸಾಲಿನಲ್ಲಿ ನಿಲ್ಲುವ ಸರದಿ ನನ್ನದು.

ಇಂತಿ ತಮ್ಮ ವಿಶ್ವಾಸಿ,
ಔಷಧ ಕಾರ್ಖಾನೆಯ ಮಾಜಿ ನೌಕರ, ಈಗ ರೈತ
ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ